ಸಾಫ್ತಾಳಿಗೆ ಇಷ್ಟವಾದದ್ದು

ಈಸ್ಟರ್ ಮುಗಿದ ಎಂಟನೆಯ ದಿನ, ಸೋಮವಾರ, ನಮ್ಮಲ್ಲಿ ಸೌಮ್ಯರ ಹಬ್ಬ. ಭೂಮಿಯ ಅಂಚಿನಲ್ಲಿ, ಹೊಳೆಗಳೆಲ್ಲ ಹೋಗಿ ಸೇರುವ ಕಡೆ ಸೌಮ್ಯರು ಎಂಬ ಸಾಧುಜನ ಇದ್ದಾರೆ. ಅವರ ಬಳಿ ಪಂಚಾಂಗವಿಲ್ಲ. ನಾವು ರೌತ್ ಹೊಳೆಗೆ ಬಿಟ್ಟ, ಈಸ್ಟರಿಗೆ ಕೆಂಪು ಬಣ್ಣ ಹಾಕಿದ ಮೊಟ್ಟೆಯ ಸಿಪ್ಪೆ ತೇಲುತ್ತ ತೇಲುತ್ತ ಅವರ ದಡ ಮುಟ್ಟಿದಾಗಲೇ, ಓಹೋ, ಕ್ರಿಸ್ತ ಎದ್ದನಂತೆ ಎಂದು ಅವರಿಗೆ ತಿಳಿಯುವುದು. ಸಿಪ್ಪೆ ಅಷ್ಟು ದೂರ ಹೋಗಲು ಎಂಟು ದಿನ ಬೇಕು. ನಮ್ಮ ಸತ್ತವರೂ ಅವರ ಜೊತೆಯಲ್ಲೇ ಇದ್ದಾರೆ, ಅದಕ್ಕೇ ಅವರಿಗೂ ಹಬ್ಬ ತಡವಾಗಿ ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಅದನ್ನು ಯಾವ ಗ್ರಂಥದಲ್ಲೂ ಓದಿಲ್ಲ. ಆದರೆ ಅಜ್ಜಿಯ ಮಾತನ್ನು ಅನುಮಾನಿಸುವ ಅಗತ್ಯ ಈ ಎಪ್ಪತ್ತು ವರ್ಷದಲ್ಲಿ ನನಗೆ ಕಂಡಿಲ್ಲ.

ನಾನು ಊರಿನ ಚರ್ಚಿನಲ್ಲಿ ಕೀರ್ತನೆ ಹಾಡುವವನು. ಹಬ್ಬದ ದಿನ ಪಾದ್ರಿಗಳ ಹಿಂದೆ ಸಮಾಧಿಯಿಂದ ಸಮಾಧಿಗೆ ನಡೆಯುತ್ತ, ಆಯಾ ಮನೆಯ ಸತ್ತವರ ಹೆಸರು ಓದುವುದು ನನ್ನ ಕೆಲಸ. ಹಾಗಾಗಿ ಯಾವ ಸಮಾಧಿ ಹೇಗೆ ಸಿಂಗಾರವಾಗಿದೆ ಎಂದು ನನ್ನಷ್ಟು ಹತ್ತಿರದಿಂದ ನೋಡಿದವರು ಇಲ್ಲ. ದ್ರಾಕ್ಷಿ ಬೆಳೆಯುವ ಟ್ರಿಫಾನ್ ನನ್ನ ಹತ್ತಿರ ಬಂದದ್ದು ಅದಕ್ಕೇ ಇರಬೇಕು.

ಅವನು ಬಂದದ್ದು ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಗುರುವಾರ. ಬೇಲಿಯ ಆಚೆಯೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಕ್ರಿಸ್ತ ಎದ್ದಿದ್ದಾನೆ, ನಿಕಾನೋರಾ," ಎಂದು ಈಸ್ಟರ್ ದಿನಗಳ ನಮಸ್ಕಾರ ಹೇಳಿದ.

"ನಿಜವಾಗ್ಲೂ ಎದ್ದಿದ್ದಾನೆ. ಒಳಗೆ ಬಾ, ಕೂತ್ಕೊ."

"ಕೂತ್ಕೊಳಲ್ಲ. ಒಂದು ಮಾತು ಕೇಳ್ಬೇಕಿತ್ತು. ನೀನು ನಗಬಾರ್ದು."

"ನಗೋದು ಬಿಡೋದು ಮಾತಿನ ಮೇಲೆ."

"ನಮ್ ಸಾಫ್ತಾಗೆ ಏನಿಷ್ಟ?"

ನನಗೆ ನಗು ಬರಲಿಲ್ಲ. ಸಾಫ್ತಾ ಅವನ ಹೆಂಡತಿ. ಕಳೆದ ಅಕ್ಟೋಬರಿನಲ್ಲಿ, ದ್ರಾಕ್ಷಿ ಕೊಯ್ಲು ಮುಗಿದ ವಾರ, ಜ್ವರದಲ್ಲಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ಸತ್ತ ಮೊದಲ ವರ್ಷದ ಹಬ್ಬಕ್ಕೆ ಸಮಾಧಿಯ ಮೇಲೆ ಅವರಿಗೆ ಇಷ್ಟವಾದದ್ದನ್ನೇ ಇಡಬೇಕು. ಅದನ್ನು ನಾವು ಬಂದವರ ಕೈಗೆ ಕೊಡುತ್ತೇವೆ, ಬಂದವರು ತಿಂದದ್ದು ಸತ್ತವರಿಗೆ ಮುಟ್ಟುತ್ತದೆ. ಇಷ್ಟವಿಲ್ಲದ್ದನ್ನು ಇಟ್ಟರೆ ಅವರು ಮೊದಲ ಹಬ್ಬದಲ್ಲೇ ಹಸಿದು ಕೂರಬೇಕು.

"ನಲವತ್ನಾಲ್ಕು ವರ್ಷ ಅವಳ ಜೊತೆ ಊಟ ಮಾಡಿದವನು ನೀನು. ನನ್ನ ಕೇಳ್ತೀಯಲ್ಲೋ?"

"ನಾನು ಕೇಳ್ದಾಗೆಲ್ಲ 'ನಿನಗೇನಿಷ್ಟವೋ ನನಗೂ ಅದೇ' ಅಂತಿದ್ಲು ಕಣೋ. ನಾನೂ ನಂಬಿದ್ದೆ. ಆರಾಮಾಗಿತ್ತು." ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ನಿನ್ನೆ ರಾತ್ರಿ ಅಡುಗೆ ಮಾಡೋಕೆ ಅಂತ ಪಟ್ಟಿ ಬರೆಯೋಕೆ ಕೂತೆ. ಬರೆದದ್ದೆಲ್ಲ ನನಗಿಷ್ಟವಾದದ್ದೇ."

ಹೆಂಗಸರನ್ನು ಕೇಳು ಎಂದೆ. ಶನಿವಾರ ಎಲ್ಲರೂ ಸಮಾಧಿಗುಡ್ಡದಲ್ಲೇ ಸಿಗುತ್ತಾರೆ.

ಹಬ್ಬದ ಹಿಂದಿನ ಶನಿವಾರ ನಮ್ಮೂರಿನಲ್ಲಿ ಮನೆಗಳು ಖಾಲಿ. ಎಲ್ಲರ ಕೈಯಲ್ಲೂ ಗುದ್ದಲಿ, ಕುಂಚ, ಆಕಾಶನೀಲಿ ಬಣ್ಣದ ಡಬ್ಬ. ಮರದ ಶಿಲುಬೆಗಳ ಚಳಿಗಾಲದ ಕೊಳೆ ಉಜ್ಜಿ ತೆಗೆದು ನೀಲಿ ಬಳಿಯುತ್ತೇವೆ, ಹೆಸರನ್ನು ಬಿಳಿಯಲ್ಲಿ ಮತ್ತೆ ತಿದ್ದುತ್ತೇವೆ, ಮಣ್ಣು ಸಡಿಲಿಸಿ ಹೂವಿನ ಗಿಡ ನೆಡುತ್ತೇವೆ. ಪಟ್ಟಣದಿಂದ ಬಂದ ಕೆಲವರು ನನ್ನನ್ನು ಕೇಳಿದ್ದುಂಟು: ನೋಡದವರಿಗೆ ಇಷ್ಟೆಲ್ಲ ಯಾಕೆ ಅಂತ. ಅವರು ನೋಡುತ್ತಾರೋ ಇಲ್ಲವೋ ದೇವರಿಗೆ ಗೊತ್ತು. ನನಗೆ ಗೊತ್ತಿರುವುದು ಇಷ್ಟೇ. ಅಪ್ಪನ ಹೆಸರಿನ ಅಕ್ಷರಗಳ ಮೇಲೆ ವರ್ಷಕ್ಕೊಮ್ಮೆ ಕುಂಚ ಎಳೆಯುವಾಗ ಅಪ್ಪ ನನ್ನ ಕೈ ಹಿಡಿದು ಅಕ್ಷರ ಬರೆಸಿದ್ದು ಕೈಗೇ ನೆನಪಾಗುತ್ತದೆ, ತಲೆಗಲ್ಲ.

ಸಾಫ್ತಾ ಈ ಕೆಲಸದಲ್ಲಿ ಎತ್ತಿದ ಕೈ. ತನ್ನವರ ಸಮಾಧಿಯಷ್ಟೇ ಅಲ್ಲ, ದಿಕ್ಕಿಲ್ಲದವರ ಹನ್ನೊಂದು ಸಮಾಧಿಗಳನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಪ್ರತಿ ಶನಿವಾರ, ಚಳಿಯಿರಲಿ ಬಿಸಿಲಿರಲಿ, ಗೆಳತಿ ಅಗಾಫಿಯಾಳನ್ನು ಕರೆದುಕೊಂಡು ಗುಡ್ಡಕ್ಕೆ ಹೋಗುತ್ತಿದ್ದಳು. ಈ ಸಲ ಆ ಹನ್ನೊಂದರ ಗತಿಯೇನು ಎಂದು ನಾನು ಬೆಳಿಗ್ಗೆ ಬೇಗ ಹೋಗಿ ನೋಡಿದರೆ ಆಗಲೇ ಒಂಬತ್ತು ಶಿಲುಬೆಗಳಿಗೆ ನೀಲಿ ಬಿದ್ದಿತ್ತು. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ.

ಟ್ರಿಫಾನ್ ದಾರ ಹಿಡಿದು ಅಳತೆ ಮಾಡಿ ಹೆಂಡತಿಯ ಸಮಾಧಿಯ ಮೇಲೆ ಹೂಬಿಟ್ಟ ಟುಲಿಪ್ ಗಿಡ ನೆಡುತ್ತಿದ್ದ. ನಾಲ್ಕು ಸಾಲು, ಗೆರೆ ಎಳೆದ ಹಾಗೆ ನೇರ. ಒಂದೊಂದಕ್ಕೂ ಒಂದು ಪುಟ್ಟ ಕೋಲು ಕೊಟ್ಟು ನಾರಿನಿಂದ ಕಟ್ಟಿದ್ದ. ಆ ದಾರಿಯಲ್ಲಿ ಬಂದ ಇಲಿಂಕಜ್ಜಿ ಊರುಗೋಲು ಊರಿ ನಿಂತಳು. ಊರಿನಲ್ಲಿ ಅವಳ ಬಾಯಿಗೆ ಪಾದ್ರಿಗಳೂ ಹೆದರುತ್ತಾರೆ.

"ಏನ್ ಟ್ರಿಫಾನ್, ಹೆಂಡ್ತಿ ಸಮಾಧಿನೋ, ದ್ರಾಕ್ಷಿತೋಟನೋ?"

"ಸಾಲು ನೇರ ಇದ್ರೆ ಬಿಸಿಲು ಎಲ್ಲಕ್ಕೂ ಸಮನಾಗಿ ಬೀಳುತ್ತೆ ಅಜ್ಜಿ."

"ಬೀಳಲಿ, ಬೀಳಲಿ. ಶರತ್ಕಾಲದಲ್ಲಿ ಟುಲಿಪ್ ಹಿಂಡಿ ವೈನು ಮಾಡು."

ಸುತ್ತ ಬಣ್ಣ ಬಳಿಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಟ್ರಿಫಾನನೂ ನಕ್ಕು, ಅದೇ ಗಳಿಗೆ ನೋಡಿ ಕೇಳಿಬಿಟ್ಟ.

"ನಮ್ ಸಾಫ್ತಾಗೆ ಏನಿಷ್ಟವಾಗಿತ್ತು, ಹೇಳ್ರಮ್ಮ. ಸೋಮವಾರ ಅದನ್ನೇ ಇಡ್ಬೇಕು."

"ಸೂರ್ಯಕಾಂತಿ ಬೀಜ," ಎಂದಳು ಇಲಿಂಕಜ್ಜಿ ತಕ್ಷಣ. "ನನ್ನ ಬಾಗ್ಲಲ್ಲಿ ಕೂತು ಅವಳು ಉಗಿದ ಸಿಪ್ಪೆ ಒಟ್ಟು ಮಾಡಿದ್ರೆ ಒಂದು ಗಾಡಿ ಆಗ್ತಿತ್ತು."

"ಮನೇಲಿ ಒಂದು ಬೀಜ ಒಡೆದದ್ದು ನಾನು ನೋಡಿಲ್ಲ!"

"ನೆಲದ ಮೇಲೆ ಒಂದು ಸಿಪ್ಪೆ ಕಂಡ್ರೆ ನೀನು ಮನೆ ಮೇಲೆತ್ತೋ ಹಾಗೆ ಕೂಗ್ತೀಯಂತಲ್ಲ!"

ಪಕ್ಕದ ಸಮಾಧಿಗೆ ಬಣ್ಣ ಬಳಿಯುತ್ತಿದ್ದ ಇನ್ನೊಬ್ಬಳು, "ಮೆಕ್ಕೆಜೋಳದ ಮುದ್ದೆ. ಮುದ್ದೆ ಅಲ್ಲ, ಪಾತ್ರೆ ತಳದಲ್ಲಿ ಹತ್ತಿ ಸುಟ್ಟಿರುತ್ತಲ್ಲ, ಅದು. ಅದನ್ನ ಕೆರೆದು ಉಪ್ಪು ಹಾಕ್ಕೊಂಡು ತಿಂತಿದ್ಲು," ಎಂದಳು. ಟ್ರಿಫಾನ್ ಜೇಬಿನಿಂದ ಸೀಸದಕಡ್ಡಿ ತೆಗೆದು ಬಣ್ಣದ ಡಬ್ಬದ ಮುಚ್ಚಳದ ಮೇಲೆ ಬರೆದುಕೊಂಡ. ಬೀಜ. ಸುಟ್ಟ ತಳ. ಅವನ ಮುಖದಲ್ಲಿ ಮದುವೆಗೆ ಮುಂಚಿನ ಹುಡುಗನ ಕುತೂಹಲವಿತ್ತು.

"ತಿನ್ನೋದು ಸಾಕು. ಕುಡಿಯೋದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ," ಎಂದು ಅವನು ಬೆನ್ನು ನೆಟ್ಟಗೆ ಮಾಡಿದ. "ನನ್ನ ವೈನು."

ಎಲ್ಲರ ಕುಂಚಗಳೂ ಒಮ್ಮೆಲೇ ಬಹಳ ಚುರುಕಾದವು.

ಇಲ್ಲಿ ಒಂದು ಮಾತು ಹೇಳಬೇಕು. ಟ್ರಿಫಾನನ ಪ್ರಾಣವೆಲ್ಲ ಅವನ ದ್ರಾಕ್ಷಾರಸದಲ್ಲಿದೆ. ಅವನ ತಾತನ ಕಾಲದ ಕಪ್ಪು ತಳಿ, ಕಲ್ಲುನೆಲ, ಓಕ್ ಮರದ ಪೀಪಾಯಿ. ಆ ರಸ ಖಡಕ್ಕಾದದ್ದು. ಅದನ್ನು ಕುಡಿದವರು ಮರೆಯುವುದಿಲ್ಲ ಎಂದಷ್ಟು ನಾನು ಹೇಳಬಲ್ಲೆ.

"ಯಾಕೆ ಎಲ್ಲ ಸುಮ್ಮನಾದ್ರಿ?" ಎಂದ ಟ್ರಿಫಾನ್. "ಅಗಾಫಿಯಾ, ನೀನು ಹೇಳು. ನೀನು ಅವಳ ಗೆಳತಿ."

ಅಗಾಫಿಯಾ ಶಿಲುಬೆಯ ಹಿಂದೆ ಬಗ್ಗಿದ್ದಳು. ಅಲ್ಲಿಂದಲೇ, "ಬೇರೆ ಏನಾದ್ರೂ ಕೇಳು ಟ್ರಿಫಾನಣ್ಣ," ಎಂದಳು.

"ಇದನ್ನೇ ಕೇಳ್ತಿದೀನಿ."

"ಈಸ್ಟರ್ ವಾರ. ಸುಳ್ಳು ಹೇಳೋ ಹಾಗಿಲ್ಲ. ಅದಕ್ಕೇ ಬೇಡ ಅಂದೆ." ಅವಳು ಎದ್ದು ನಿಂತಳು. ಮೂಗಿನ ತುದಿಗೆ ನೀಲಿ ಬಣ್ಣ ಹತ್ತಿತ್ತು. "ಅವಳಿಗೆ ನಮ್ಮನೇದು ಇಷ್ಟ."

"ನಿಮ್ಮನೇದು ಅಂದ್ರೆ?"

"ನಮ್ಮ ಯಜಮಾನ್ರು ಮಾಡೋದು. ಇಜಬೆಲ್ಲಾ ದ್ರಾಕ್ಷೀದು. ಶನಿವಾರ ಇಲ್ಲಿ ಕೆಲ್ಸ ಮುಗಿಸಿ, ಇಗೋ ಈ ಕಲ್ಲಿನ ಮೇಲೆ ಕೂತು ಒಂದೊಂದು ಲೋಟ ಕುಡೀತಿದ್ವಿ. ನಾನು ಮರೆತು ಬಂದ್ರೆ ಹಿಂದಕ್ಕೆ ಕಳಿಸೋಳು."

ಅಗಾಫಿಯಾಳ ಯಜಮಾನ ಪ್ರೊಕೊಪಿ. ಇಜಬೆಲ್ಲಾ ಎಂದರೆ ಅಂಗಳದ ಚಪ್ಪರದ ಮೇಲೆ ತಾನಾಗಿಯೇ ಹಬ್ಬಿಕೊಳ್ಳುವ ಬಳ್ಳಿ. ಅದಕ್ಕೆ ಆರೈಕೆ ಬೇಡ, ಅದರ ಸಿಹಿವಾಸನೆ ಬೀದಿಯ ಕೊನೆಗೂ ಬರುತ್ತದೆ. ಟ್ರಿಫಾನ್ ಅದನ್ನು ದ್ರಾಕ್ಷಿ ಎಂದು ಒಪ್ಪಿಕೊಂಡವನೇ ಅಲ್ಲ.

"ಸುಳ್ಳು," ಎಂದ ಅವನು. "ಮದುವೆ ದಿನ ನನ್ನ ಪೀಪಾಯಿಯ ಮೊದಲ ಲೋಟ ನಾನೇ ಕೈಯಾರೆ ಕುಡಿಸಿದೆ. ಅವಳ ಕಣ್ಣಲ್ಲಿ ನೀರು ಬಂತು! ಸಂತೋಷಕ್ಕೆ!"

"ಹುಳಿಗೆ ಟ್ರಿಫಾನಣ್ಣ," ಎಂದಳು ಅಗಾಫಿಯಾ ಬಹಳ ಮೆಲ್ಲಗೆ. "ಅದು ಹುಳಿಗೆ ಬಂದದ್ದು."

ಯಾರೂ ನಗಲಿಲ್ಲ. ನಗು ತಡೆಯಲು ಇಲಿಂಕಜ್ಜಿ ತಲೆವಸ್ತ್ರದ ಅಂಚನ್ನೇ ಬಾಯಿಗೆ ತುರುಕಿಕೊಂಡಳು. ಟ್ರಿಫಾನ್ ಕುಂಚವನ್ನು ಡಬ್ಬದೊಳಗೆ ಬಿಟ್ಟು, ಶಿಲುಬೆಯ ಒಂದು ತೋಳಿಗೆ ಬಣ್ಣ ಬಳಿಯದೆಯೇ ಗುಡ್ಡ ಇಳಿದು ಹೋದ.

ಭಾನುವಾರ ಆರಾಧನೆ ಮುಗಿದ ಮೇಲೆ ಅವನು ನನ್ನ ಮನೆಗೆ ಬಂದ. ಒಂದು ಹೂಜಿ ಮೇಜಿನ ಮೇಲಿಟ್ಟು, ಲೋಟ ತುಂಬಿಸಿ, ನನ್ನ ಕಡೆ ನೂಕಿದ.

"ಕುಡಿ. ನಿಜ ಹೇಳು."

ಕುಡಿದೆ. ಇಷ್ಟು ವರ್ಷ ಅವನೆದುರು ಹೇಗೆ ಕುಡಿಯುತ್ತಿದ್ದೆನೋ ಹಾಗೆಯೇ, ಕಾಲ್ಬೆರಳು ಮಡಿಸಿಕೊಂಡು.

"ಟ್ರಿಫಾನ್, ಸುಳ್ಳು ಹೇಳೋ ವಾರ ಅಲ್ಲ ಇದು..."

"ನೀನೂನಾ?"

"ನಾನೂ."

ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ. ಸ್ವಲ್ಪ ಹೊತ್ತಾದ ಮೇಲೆ ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ನಾನು ಎದ್ದರೆ ಅವನು ನಗುತ್ತಿದ್ದ.

"ನಲವತ್ನಾಲ್ಕು ವರ್ಷ ಕಣೋ! ರಾತ್ರಿ ಊಟಕ್ಕೆ ಒಂದು ಲೋಟ ಕೊಡ್ತಿದ್ದೆ. 'ಇನ್ನೊಂದು?' ಅಂತ ಕೇಳಿದ್ರೆ 'ಬೇಡಪ್ಪ, ಇದು ಬಹಳ ಒಳ್ಳೇದು, ನೀನು ಕುಡಿ' ಅಂತಿದ್ಲು. ನನ್ನ ಮೇಲಿನ ಪ್ರೀತಿಗೆ ಬಿಟ್ಟುಕೊಡ್ತಾಳೆ ಅಂದ್ಕೊಂಡಿದ್ದೆ."

"ಪ್ರೀತಿಗೇ ಅಲ್ವಾ ಅದೂ?"

ನಗು ನಿಂತಿತು. "ಈಗ ಏನು ಮಾಡ್ಲಿ ಹೇಳು. ನಾಳೆ ಸಮಾಧಿ ಮೇಲೆ ರಸ ಹೊಯ್ಯಬೇಕು. ನನ್ನದು ಹೊಯ್ದರೆ ಅವಳು ಅಲ್ಲೂ ಕಣ್ಣು ಮುಚ್ಚಿ ನುಂಗ್ಬೇಕು. ಪ್ರೊಕೊಪೀದು ಹೊಯ್ದರೆ ಇಡೀ ಊರೆದುರು ನಾನು ನುಂಗ್ಬೇಕು."

"ಹಬ್ಬ ಯಾರದು?"

ಅವನು ಎದ್ದ. ಹೂಜಿಯಲ್ಲಿದ್ದದ್ದನ್ನು ನನ್ನ ಸೇಬಿನ ಗಿಡದ ಬುಡಕ್ಕೆ ಸುರಿದು, ಬಾವಿಯ ನೀರಿನಲ್ಲಿ ಮೂರು ಸಲ ತೊಳೆದ. "ನೀನೂ ಬಾ ಜೊತೆಗೆ. ಒಬ್ಬನೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬಂದುಬಿಡ್ತೀನಿ."

ಪ್ರೊಕೊಪಿ ಚಪ್ಪರದ ಕೆಳಗೆ ಕೂತು ಕೆಂಪು ಮೊಟ್ಟೆ ಸುಲಿಯುತ್ತಿದ್ದ. ಗುಂಡಗಿನ ಮನುಷ್ಯ, ಸದಾ ಒಂದು ಹಾಸ್ಯ ಬಾಯಲ್ಲಿ ಇಟ್ಟುಕೊಂಡೇ ಇರುತ್ತಾನೆ. ಖಾಲಿ ಹೂಜಿ ಹಿಡಿದು ನಿಂತ ಟ್ರಿಫಾನನನ್ನು ಕಂಡದ್ದೇ ಅವನಿಗೆ ಎಲ್ಲ ಅರ್ಥವಾಯಿತು. ಹೆಂಡತಿ ಹೇಳಿಯೂ ಇದ್ದಳು.

"ಬಾರಪ್ಪ, ಬಾ. ನಿನ್ನ ಕೈಲಿ ಹೂಜಿ, ನನ್ನ ಮನೇಲಿ! ನಾನು ಸತ್ತು ಸ್ವರ್ಗಕ್ಕೆ ಬಂದ್ನಾ ಅಂತ ನೋಡ್ಕೊಬೇಕು."

"ಸಾಫ್ತಾಗೆ ಒಂದು ಹೂಜಿ ಬೇಕು."

"ಕೊಡೋಣ. ಅದಕ್ಕೆ ಮುಂಚೆ, ನನ್ನ ವೈನನ್ನ ನೀನು ಏನಂತ ಕರೀತಿದ್ದೆ, ಸ್ವಲ್ಪ ನೆನಪು ಮಾಡು."

"ಹಾಲುಗಲ್ಲದ ಮಕ್ಕಳ ಶರಬತ್ತು."

"ಅದು ಒಂದು. ಇನ್ನೊಂದಿತ್ತು."

ಟ್ರಿಫಾನ್ ನೆಲ ನೋಡಿದ. "ಕರಡಿ ಸ್ನಾನ ಮಾಡಿದ ನೀರು."

"ನನ್ನ ಮಗಳ ಮದುವೇಲಿ, ಬೀಗರೆದುರು ಅಂದಿದ್ದೆ! ಬೀಗರು ಇವತ್ತಿಗೂ ಬಂದಾಗೆಲ್ಲ 'ಕರಡಿ ಹೇಗಿದೆ' ಅಂತಾರೆ!"

"ರೀ, ಸಾಕು," ಎಂದು ಅಗಾಫಿಯಾ ಅಡುಗೆಮನೆಯ ಕಿಟಕಿಯಿಂದ ಗದರಿದಳು. "ಸತ್ತವಳ ಹೆಸರಲ್ಲಿ ಕೇಳೋಕೆ ಬಂದಿದಾನೆ. ಹೂಜಿ ತುಂಬಿಸಿ ಕೊಡಿ."

ಪ್ರೊಕೊಪಿ ಎದ್ದು ನೆಲಮಾಳಿಗೆಗೆ ಹೋಗಿ ಹೂಜಿಯನ್ನು ಕಂಠದವರೆಗೆ ತುಂಬಿಸಿ ತಂದ. ಕೊಡುವ ಮುಂಚೆ ಒಂದು ಕ್ಷಣ ಹಿಡಿದುಕೊಂಡ. "ಒಂದೇ ಮಾತು. ಇಷ್ಟು ವರ್ಷ ಬೈದೆ, ಒಂದು ಸಲಾನೂ ರುಚಿ ನೋಡಿಲ್ಲ. ಈಗ ನೋಡಿ ನಿಜ ಹೇಳು."

"ಹೇಳ್ತೀನಿ. ಇಲ್ಲಿ ಅಲ್ಲ. ಮೊದಲು ಅವಳಿಗೆ, ಆಮೇಲೆ ನನಗೆ. ಅಲ್ಲಿ, ಎಲ್ಲರೆದುರು ಹೇಳ್ತೀನಿ. ಚೆನ್ನಾಗಿಲ್ದಿದ್ರೆ ಅದನ್ನೂ ಹೇಳ್ತೀನಿ."

"ಅದೇ ನ್ಯಾಯ," ಎಂದ ಪ್ರೊಕೊಪಿ.

ಸಂಜೆಯೊಳಗೆ ಊರಿನಲ್ಲಿ ಈ ಮಾತು ಗೊತ್ತಿಲ್ಲದವರು ತೊಟ್ಟಿಲ ಕೂಸುಗಳು ಮಾತ್ರ.

ಸೋಮವಾರದ ಬೆಳಗನ್ನು ದೇವರು ತೊಳೆದು ಒಣಗಿಸಿ ಇಟ್ಟ ಹಾಗಿತ್ತು. ಗುಡ್ಡದ ತುಂಬ ನೀಲಿ ಶಿಲುಬೆಗಳು, ಒಂದೊಂದರ ತೋಳಿಗೂ ಕಸೂತಿ ಹಾಕಿದ ಬಿಳಿ ವಸ್ತ್ರ. ಸಮಾಧಿಗಳ ಮೇಲೆ ಮೇಜುವಸ್ತ್ರ ಹಾಸಿ, ಹೆಣೆದ ರೊಟ್ಟಿ, ಕೆಂಪು ಮೊಟ್ಟೆ, ಎಲೆಕೋಸಿನಲ್ಲಿ ಸುತ್ತಿ ಬೇಯಿಸಿದ ಅಕ್ಕಿ, ಜೇನು ಬೆರೆಸಿದ ಗೋಧಿ. ಲೈಲಾಕ್ ಹೂವಿನ ಕೊಂಬೆಗಳ ನಡುವೆ ಮೇಣದಬತ್ತಿಗಳ ಜ್ವಾಲೆಗಳು ಬಿಸಿಲಿನಲ್ಲಿ ಕಾಣಿಸದೆಯೇ ಉರಿಯುತ್ತಿದ್ದವು. ಜನ ಒಂದು ಸಮಾಧಿಯಿಂದ ಇನ್ನೊಂದಕ್ಕೆ ಹೋಗಿ, ಕೊಟ್ಟದ್ದನ್ನು ತಿಂದು, "ದೇವರು ಅವರಿಗೆ ಮುಟ್ಟಿಸಲಿ" ಎನ್ನುತ್ತಿದ್ದರು. ಆದರೆ ಎಲ್ಲರ ಕಾಲೂ ಯಾಕೋ ಸಾಫ್ತಾಳ ಸಮಾಧಿಯಿದ್ದ ಮೇಲಿನ ಮೂಲೆಯ ಕಡೆಗೇ ಎಳೆಯುತ್ತಿದ್ದವು. ಪಾದ್ರಿಗಳು ಕೂಡ ಈ ಸಲ ಮೇಲಿನ ಸಾಲಿನಿಂದಲೇ ಶುರು ಮಾಡೋಣ ಎಂದರು.

ಟ್ರಿಫಾನ್ ಶಿಲುಬೆಯ ಬಿಟ್ಟುಹೋದ ತೋಳಿಗೂ ಬಣ್ಣ ಬಳಿದಿದ್ದ. ಅದು ಇನ್ನೂ ಹಸಿಯಿತ್ತು. ಟುಲಿಪ್ ಸಾಲುಗಳ ನಡುವೆ ಮನೆಯ ಅತಿ ಒಳ್ಳೆಯ ಪಿಂಗಾಣಿ ಬಟ್ಟಲು, ಅದರ ತುಂಬ ಹುರಿದ ಸೂರ್ಯಕಾಂತಿ ಬೀಜ. ಈರುಳ್ಳಿ ಸಿಪ್ಪೆಯಲ್ಲಿ ತಾನೇ ಬಣ್ಣ ಹಾಕಿದ ಮೊಟ್ಟೆಗಳು, ಅರ್ಧ ಕೆಂಪು ಅರ್ಧ ಕಂದು. ಒಂದು ತಟ್ಟೆಯಲ್ಲಿ ಕಪ್ಪಗಿನ ಚಕ್ಕೆಗಳು.

"ಇದೇನಪ್ಪ?" ಎಂದರು ಪಾದ್ರಿಗಳು.

"ಮುದ್ದೆಯ ತಳ, ಗುರುಗಳೇ. ಸುಟ್ಟದ್ದು."

"ಇದನ್ನೂ ಆಶೀರ್ವದಿಸ್ಲಾ?"

"ಇದನ್ನೇ ಮೊದಲು ಆಶೀರ್ವದಿಸಿ. ಮೂರು ಸಲ ಮಾಡಿದ್ದೀನಿ. ಮೂರನೇ ಸಲಕ್ಕೆ ಸರಿಯಾಗಿ ಸುಟ್ಟಿತು."

ಪಾದ್ರಿಗಳು ಕಾಮಕಸ್ತೂರಿಯ ಕಟ್ಟನ್ನು ಪವಿತ್ರ ನೀರಿನಲ್ಲಿ ಅದ್ದಿ ಸಮಾಧಿಯ ಮೇಲೆ, ಸುಟ್ಟ ಚಕ್ಕೆಯ ಮೇಲೆ, ಇಲಿಂಕಜ್ಜಿಯ ಮುಖದ ಮೇಲೂ ಚಿಮುಕಿಸಿದರು. ಕ್ರಿಸ್ತನು ಸತ್ತವರೊಳಗಿಂದ ಎದ್ದನು ಎಂಬ ಹಾಡನ್ನು ನಾನು ಎತ್ತಿಕೊಂಡೆ, ಗುಡ್ಡವೆಲ್ಲ ದನಿಗೂಡಿಸಿತು. ಆಮೇಲೆ ಹೆಸರು ಓದಿದೆ. ಟ್ರಿಫಾನನ ತಂದೆ, ತಾಯಿ, ಕೊನೆಗೆ ಸಾಫ್ತಾ. ಆ ಹೆಸರನ್ನು ಈ ಪಟ್ಟಿಯಲ್ಲಿ ಓದಿದ್ದು ಅದೇ ಮೊದಲು. ಸ್ವಲ್ಪ ನಿಧಾನವಾಗಿ ಓದಿದೆ.

ಟ್ರಿಫಾನ್ ಹೂಜಿ ಎತ್ತಿ ಸಮಾಧಿಯ ಉದ್ದಕ್ಕೆ ಒಂದು ಗೆರೆ, ಅಡ್ಡಕ್ಕೆ ಒಂದು ಗೆರೆ, ಶಿಲುಬೆಯಾಕಾರದಲ್ಲಿ ರಸ ಹೊಯ್ದ. ಮಣ್ಣು ತಡಮಾಡದೆ ಹೀರಿಕೊಂಡಿತು. ಆಮೇಲೆ ತನ್ನ ಲೋಟಕ್ಕೆ ಬಗ್ಗಿಸಿಕೊಂಡ. ಅವನು ಲೋಟವನ್ನು ಮೂಗಿನ ಹತ್ತಿರ ತಂದು ಅಲ್ಲೇ ನಿಲ್ಲಿಸಿದ.

"ಏನಯ್ಯ, ವಾಸನೆ ನೋಡೋಕೆ ಒಯ್ದೆಯಾ ಹೂಜಿನ?" ಎಂದ ಪ್ರೊಕೊಪಿ.

"ಸುಮ್ನಿರು ಒಂದು ನಿಮಿಷ." ಟ್ರಿಫಾನ್ ಕಣ್ಣು ಮುಚ್ಚಿದ್ದ. ಮತ್ತೆ ಮಾತಾಡಿದಾಗ ಅವನು ನಮ್ಮಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. "ಶನಿವಾರ ಇಲ್ಲಿಂದ ಬಂದು ತಲೆವಸ್ತ್ರ ಬಿಚ್ಚಿ ಬಾಗಿಲ ಹಿಂದೆ ಹಾಕ್ತಿದ್ಲು. ನನ್ನ ಪಕ್ಕ ಕೂತು ಮಾತಾಡೋಳು. ಇದೇ ವಾಸನೆ. ಏನೇ ಇದು ಅಂದ್ರೆ 'ಸಮಾಧಿ ಹೂವಿಂದು' ಅಂತಿದ್ಲು. ಈ ವಾಸನೆಗೋಸ್ಕರ ನಾನು ಶನಿವಾರ ತೋಟದಿಂದ ಬೇಗ ಬರ್ತಿದ್ದೆ."

"ಜನವರೀಲೂ ಬರ್ತಿತ್ತೇನೋ ಹೂವಿನ ವಾಸನೆ?" ಎಂದಳು ಇಲಿಂಕಜ್ಜಿ.

ಟ್ರಿಫಾನ್ ಕಣ್ಣು ತೆರೆದ. "ಬರ್ತಿತ್ತು ಅಜ್ಜಿ! ಮಂಡಿವರೆಗೆ ಹಿಮ ಬಿದ್ದಾಗಲೂ ಬರ್ತಿತ್ತು. ನನಗೆ ಹೊಳೀಲೇ ಇಲ್ಲ!"

ಆಗ ಎದ್ದ ನಗು ಗುಡ್ಡದ ಕೆಳಗಿನ ಸಾಲಿನವರೆಗೂ ಹೋಯಿತು. ಅಲ್ಲಿದ್ದವರು ಏನೆಂದು ತಿಳಿಯದೆಯೇ ನಕ್ಕರು. ಅಗಾಫಿಯಾ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಪಾದ್ರಿಗಳ ಗಡ್ಡ ಕುಣಿಯುತ್ತಿತ್ತು. ಟ್ರಿಫಾನ್ ಲೋಟವನ್ನು ಒಂದೇ ಗುಟುಕಿಗೆ ಕುಡಿದು, ನಾಲಿಗೆಯಿಂದ ತುಟಿ ಸವರಿಕೊಂಡು, ಪ್ರೊಕೊಪಿಯ ಕಡೆ ತಿರುಗಿದ.

"ಸಿಹಿ ಜಾಸ್ತಿ. ಮೈಯಲ್ಲಿ ಗಟ್ಟಿತನ ಇಲ್ಲ." ಒಂದು ಉಸಿರು ಬಿಟ್ಟ. "ಚೆನ್ನಾಗಿದೆ ಪ್ರೊಕೊಪಿ. ಅವಳಿಗೆ ಇಷ್ಟವಾದದ್ದು ಸರಿಯಾಗೇ ಇದೆ."

ಗೆದ್ದವನು ಕುಣಿಯುತ್ತಾನೆ ಎಂದು ನಾವು ಕಾದಿದ್ದೆವು. ಪ್ರೊಕೊಪಿ ಟೋಪಿ ತೆಗೆದು ಸಮಾಧಿಗೆ ತಲೆ ಬಾಗಿಸಿದ. ಟ್ರಿಫಾನ್, ಸತ್ತವರ ಹೆಸರಿನಲ್ಲಿ ದಾನ ಕೊಡುವ ಪದ್ಧತಿಯಂತೆ, ಹಿಡಿಕೆಯಿದ್ದ ಹೊಸ ಲೋಟಕ್ಕೆ ರಸ ತುಂಬಿ, ಹಿಡಿಕೆಗೆ ಮೇಣದಬತ್ತಿ ಕಟ್ಟಿ, ಮೊದಲು ಅಗಾಫಿಯಾಳಿಗೆ ಕೊಟ್ಟ. "ಸಾಫ್ತಾಳ ಆತ್ಮಕ್ಕೆ." "ದೇವರು ಅವಳಿಗೆ ಮುಟ್ಟಿಸಲಿ," ಎಂದು ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಎರಡನೆಯದು ಪ್ರೊಕೊಪಿಗೆ, ಮೂರನೆಯದು ಇಲಿಂಕಜ್ಜಿಗೆ. ಅವಳು ಸುಟ್ಟ ಚಕ್ಕೆಯನ್ನು ಒಸಡಿನಲ್ಲೇ ಅಗಿಯುತ್ತ, ಇನ್ನೂ ಸ್ವಲ್ಪ ಸುಡಬೇಕಿತ್ತು ಎಂದಳು.

ಎಲ್ಲರಿಗೂ ಹಂಚಿಯಾದ ಮೇಲೆ ಟ್ರಿಫಾನ್ ಪ್ರೊಕೊಪಿಯ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ನಿನ್ನ ಚಪ್ಪರದಿಂದ ಒಂದು ಕಡ್ಡಿ ಕೊಡು. ಇಲ್ಲಿ ನೆಡ್ತೀನಿ. ಶಿಲುಬೆ ಮೇಲೆ ಹಬ್ಬಲಿ."

"ಈಗ ನೆಟ್ರೆ ಹಿಡಿಯುತ್ತೇನಯ್ಯ? ನಾನು ಹೇಳ್ಕೊಡ್ಬೇಕಾ ನಿನಗೆ?"

"ಹಿಡಿಯಲ್ಲ, ಗೊತ್ತು. ಆದ್ರೂ ಕೇಳ್ದೆ."

"ಫೆಬ್ರವರೀಲಿ ಬಾ, ಬಳ್ಳಿ ಸವರೋವಾಗ. ಸಂತ ಟ್ರಿಫಾನನ ದಿನ ಬಾ. ನಿನ್ನ ಹೆಸರಿನ ಹಬ್ಬ. ಊಟಾನೂ ನಮ್ಮನೇಲೇ ಮಾಡು."

"ನನ್ನ ವೈನು ತರ್ತೀನಿ."

"ತರ್ಬೇಡ," ಎಂದರು ಪ್ರೊಕೊಪಿ ಮತ್ತು ಅಗಾಫಿಯಾ ಒಟ್ಟಿಗೆ.

ಟ್ರಿಫಾನ್ ಮಂಡಿಯೂರಿ ಶಿಲುಬೆಯ ಬುಡದಿಂದ ಎರಡು ಗೇಣು ಅಳೆದು, ಒಂದು ಒಣಕೋಲನ್ನು ನೆಟ್ಟು ಜಾಗ ಗುರುತು ಮಾಡಿದ. ಎಲೆಯಿಲ್ಲ, ಬೇರಿಲ್ಲ, ಬರೀ ಕೋಲು. ಪಾದ್ರಿಗಳು ಅದನ್ನು ನೋಡಿ, ಏನೂ ಕೇಳದೆ, ಕಾಮಕಸ್ತೂರಿಯನ್ನು ನೀರಿನಲ್ಲಿ ಅದ್ದಿ ಅದರ ಮೇಲೂ ಚಿಮುಕಿಸಿದರು. ಮುಂದಿನ ಸಮಾಧಿಯವರು ರೊಟ್ಟಿಯ ಮೇಲಿನ ಬಟ್ಟೆ ತೆಗೆದು ಕಾಯುತ್ತಿದ್ದರು. ನಾನು ಹೆಸರಿನ ಪುಟ ಮಗುಚಿಕೊಂಡು ಪಾದ್ರಿಗಳ ಹಿಂದೆ ಹೊರಟೆ.